ಮೈಸೂರಿನ ರಾವಣ ತೆಲುಗು ಮಾತಾಡಿದ್ದು

ಮಕ್ಕಳೇ, ಗೋಕರ್ಣದ ಕಥೆ ನಿಮಗೆ ಗೊತ್ತಿರುತ್ತದೆ. ತಾಯಿ ಕೈಕಸಿಯ ಶಿವಪೂಜೆಗಾಗಿ ರಾವಣ ತಪಸ್ಸು ಮಾಡಿ ಆತ್ಮಲಿಂಗವನ್ನೇ ಪಡೆದ. ಲಂಕೆ ಮುಟ್ಟುವ ತನಕ ಅದನ್ನು ನೆಲಕ್ಕೆ ಇಡುವ ಹಾಗಿರಲಿಲ್ಲ. ಸಂಧ್ಯಾವಂದನೆಯ ಹೊತ್ತಿಗೆ ಗಣಪತಿ ದನ ಕಾಯುವ ಹುಡುಗನಾಗಿ ಬಂದು, ಮೂರು ಸಲ ಕೂಗಿ, ಲಿಂಗವನ್ನು ನೆಲಕ್ಕಿಟ್ಟೇಬಿಟ್ಟ. ರಾವಣ ಎಳೆದ ರಭಸಕ್ಕೆ ಅದು ಹಸುವಿನ ಕಿವಿಯ ಹಾಗೆ ತಿರುಚಿಕೊಂಡಿತಂತೆ. ಅದಕ್ಕೇ ಆ ಊರು ಗೋಕರ್ಣ.

ಇಷ್ಟು ನಮ್ಮದೇ ಆದ ಕಥೆಯ ಮೈಸೂರು ನಾಟಕ ಬೆಳ್ಳಿತೆರೆಗೆ ಬಂದಾಗ ಮಾತಾಡಿದ್ದು ಕನ್ನಡವಲ್ಲ, ತೆಲುಗು!

ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ ಸಂಜೆ ಕಲ್ಲುಬೆಂಚಿನ ಮೇಲೆ ಕೂರುವ ತಾತಂದಿರನ್ನು ‘ಭೂಕೈಲಾಸ’ ಯಾರದು ಎಂದು ಕೇಳಿ ನೋಡಿ. ಕನ್ನಡದ ತಾತ ರಾಜ್‌ಕುಮಾರ್ ಅನ್ನುತ್ತಾರೆ, ಆಂಧ್ರದ ತಾತ ಎನ್.ಟಿ.ಆರ್. ಅನ್ನುತ್ತಾರೆ. ಇಬ್ಬರದೂ ಸರಿ. ಆದರೆ ಅವರಿಬ್ಬರಿಗಿಂತ ಮುಂಚೆ ಇನ್ನೊಬ್ಬ ರಾವಣ ಇದ್ದ.

ಆತ ಎಂ.ವಿ. ಸುಬ್ಬಯ್ಯ ನಾಯ್ಡು. ಟಿ.ವಿ.ಯಲ್ಲಿ ನಿಮ್ಮನ್ನು ನಗಿಸುವ ಸೃಜನ್ ಲೋಕೇಶ್ ಇದ್ದಾರಲ್ಲ, ಅವರ ತಾತ. ನಾಯ್ಡು ಮತ್ತು ಆರ್. ನಾಗೇಂದ್ರರಾಯರು ಸೇರಿ ಮೈಸೂರಿನ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯನ್ನು ನಡೆಸುತ್ತಿದ್ದರು. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’ದಲ್ಲಿ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ. ಅವರ ಕಂಪನಿಯ ‘ಭೂಕೈಲಾಸ’ ಹಾಡುಗಳಿಂದಲೇ ತುಂಬಿದ ನಾಟಕ. ಆಗ ಮೈಕಾಸುರನೂ ಇರಲಿಲ್ಲ, ಹಿನ್ನೆಲೆ ಗಾಯಕರೂ ಇರಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಕೊಟ್ಟರೆ, ಪಾತ್ರಧಾರಿಯ ಗಂಟಲು ಕೊನೆಯ ಸಾಲಿನ ನಾಲ್ಕಾಣೆ ಪ್ರೇಕ್ಷಕನವರೆಗೂ ಮುಟ್ಟಬೇಕು. ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ತಪಸ್ಸಿಗೆ ಹೊರಟವನೂ ಹಿಂದಿರುಗಿ ಬಂದು ಇನ್ನೊಮ್ಮೆ ಹಾಡಬೇಕು!

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಮರುವರ್ಷ, 1940ರಲ್ಲಿ, ಮದರಾಸಿನ ಎ.ವಿ. ಮೆಯ್ಯಪ್ಪನ್ ಈ ನಾಟಕವನ್ನು ತೆಲುಗಿನಲ್ಲಿ ಸಿನಿಮಾ ಮಾಡಿದರು. ನಿರ್ದೇಶನ ಸುಂದರರಾವ್ ನಾಡಕರ್ಣಿಯವರದು. ನಟರು ಮಾತ್ರ ನಮ್ಮವರೇ: ನಾಯ್ಡು ರಾವಣ, ನಾಗೇಂದ್ರರಾಯರು ನಾರದ, ಲಕ್ಷ್ಮೀಬಾಯಿ ಮಂಡೋದರಿ. ಲಕ್ಷ್ಮೀಬಾಯಿ ‘ಸತಿ ಸುಲೋಚನ’ದಲ್ಲೂ ಮಂಡೋದರಿಯೇ.

ಕನ್ನಡದಲ್ಲೇ ಯಾಕೆ ತೆಗೆಯಲಿಲ್ಲ? ಬ್ಯಾಂಕಿನಲ್ಲಿ ಕೂಡಿ ಕಳೆದವನ ಕಣ್ಣಿಗೆ ಇದು ವಸೂಲಿಯ ಲೆಕ್ಕವಾಗಿ ಕಾಣುತ್ತದೆ. ಆಗ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಚಿತ್ರಕ್ಕೆ ಹಾಕಿದ ದುಡ್ಡು ಹಿಂದೆ ಬರುವ ದಾರಿ ತೆಲುಗಿನಲ್ಲಿ ಅಗಲವಾಗಿತ್ತು. ಲೆಕ್ಕ ಸರಿಯೇ. ಆದರೂ ಮನಸ್ಸಿಗೆ ಚುರುಕ್ಕೆನ್ನುತ್ತದೆ.

ಮೂರೇ ವರ್ಷದಲ್ಲಿ ಮೆಯ್ಯಪ್ಪನ್ ಬೇರೆ ಉಪಾಯ ಹೂಡಿದರು. 1943ರಲ್ಲಿ ಇದೇ ನಾಯ್ಡು, ಲಕ್ಷ್ಮೀಬಾಯಿಯವರ ‘ಸತ್ಯ ಹರಿಶ್ಚಂದ್ರ’ವನ್ನು ಕನ್ನಡದಲ್ಲಿಯೇ ತೆಗೆದು, ಮರುವರ್ಷ ಅದೇ ಚಿತ್ರಕ್ಕೆ ತಮಿಳು ಮಾತು ಜೋಡಿಸಿ ಬಿಡುಗಡೆ ಮಾಡಿದರು. ಭಾರತದ ಮೊದಲ ಡಬ್ಬಿಂಗ್ ಚಿತ್ರ ಎಂದು ಇದನ್ನೇ ಹೇಳುತ್ತಾರೆ. ಮುಂದೆ ದಶಕಗಳ ಕಾಲ ಡಬ್ಬಿಂಗ್ ಬೇಡ ಎಂದು ಹಟ ಹಿಡಿದದ್ದೂ ನಮ್ಮ ಚಿತ್ರರಂಗವೇ!

ಯುದ್ಧಕಾಲದಲ್ಲಿ ಕಚ್ಚಾ ಫಿಲಂ ಹಡಗಿನಲ್ಲಿ ಹೊರದೇಶದಿಂದ ಬರಬೇಕು. ಅಭಾವ ಹೆಚ್ಚಿದಾಗ ಸರ್ಕಾರ ಒಂದು ಚಿತ್ರ 11,000 ಅಡಿ ಮೀರಬಾರದು ಎಂದು ಕಟ್ಟು ಮಾಡಿತು. ನಿಮಿಷಕ್ಕೆ 90 ಅಡಿ ಓಡುತ್ತದೆ. ಎಷ್ಟು ಹೊತ್ತಿನ ಚಿತ್ರವಾಯಿತು, ನೀವೇ ಭಾಗಾಕಾರ ಮಾಡಿ. ಬೆಳಗಿನ ಜಾವದವರೆಗೂ ನಾಟಕ ನೋಡಿ ಅಭ್ಯಾಸವಿದ್ದ ಜನರಿಗೆ ಅದು ಎಲ್ಲಿ ಸಾಕಾದೀತು?

‘ಭೂಕೈಲಾಸ’ದ ರಾವಣ ಬೆಳ್ಳಿತೆರೆಯಲ್ಲಿ ಕನ್ನಡ ಮಾತಾಡಿದ್ದು ತೆಲುಗು ಚಿತ್ರ ಬಂದ 18 ವರ್ಷಗಳ ಮೇಲೆ. 1958ರಲ್ಲಿ ಅದೇ ಎ.ವಿ.ಎಂ. ಸಂಸ್ಥೆ ಕೆ. ಶಂಕರ್ ನಿರ್ದೇಶನದಲ್ಲಿ ಕನ್ನಡ, ತೆಲುಗು ಎರಡರಲ್ಲೂ ಚಿತ್ರ ಮಾಡಿತು. ಕನ್ನಡಕ್ಕೆ ರಾಜ್‌ಕುಮಾರ್ ರಾವಣ, ಕಲ್ಯಾಣ್‌ಕುಮಾರ್ ನಾರದ, ತೆಲುಗಿಗೆ ಎನ್.ಟಿ.ಆರ್. ಮತ್ತು ನಾಗೇಶ್ವರರಾವ್. ಮಂಡೋದರಿ ಜಮುನಾ, ಪಾರ್ವತಿ ನಮ್ಮ ಬಿ. ಸರೋಜಾದೇವಿ, ಎರಡು ಭಾಷೆಗೂ ಇವರೇ.

ಇಷ್ಟರಲ್ಲಿ ಹಾಡುವವರು ಬೇರೆ, ಬಾಯಾಡಿಸುವವರು ಬೇರೆ ಆಗಿತ್ತು. ಅಜ್ಜಿ ದೇವರಮನೆಯಲ್ಲಿ ಗುನುಗುವ ‘ರಾಮನ ಅವತಾರ’ ಈ ಚಿತ್ರದ್ದೇ. ಬರೆದವರು ಕು.ರಾ. ಸೀತಾರಾಮಶಾಸ್ತ್ರಿ. ಹಾಡಿದವರು ತಮಿಳುನಾಡಿನ ಶೀರ್ಕಾಳಿ ಗೋವಿಂದರಾಜನ್! ಅವರ ಉಚ್ಚಾರಣೆ ಕೇಳಿದರೆ ಬೇರೆ ಊರಿನವರು ಎಂದು ನಂಬುವುದೇ ಕಷ್ಟ. ಆದರೂ ರಾವಣನೇ ಹಾಡಿ, ನಾರದನೇ ಹಾಡಿ, ಜನ ‘ಒನ್ಸ್ ಮೋರ್’ ಕೂಗಿದ ಆ ನಾಟಕದ ಬಿಸಿ ಬೇರೆಯೇ ಎಂದು ನನ್ನ ಅನಿಸಿಕೆ.

ಆ ಬಿಸಿ ಪೂರ್ತಿ ಆರಿಲ್ಲ. ನೆಲಮಂಗಲ, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಈಗಲೂ ಸೀನರಿ ಬಾಡಿಗೆಗೆ ತಂದು ‘ಕುರುಕ್ಷೇತ್ರ’ ಆಡುತ್ತಾರೆ. ಹಗಲು ಕಾರ್ಖಾನೆಯಲ್ಲಿ ಮೆಷಿನ್ ಮುಂದೆ ನಿಂತವರು ರಾತ್ರಿ ದುರ್ಯೋಧನನ ಕಿರೀಟ ಇಟ್ಟುಕೊಂಡು ಸ್ವಂತ ಗಂಟಲಲ್ಲೇ ಕಂದ ಪದ್ಯ ಎತ್ತುತ್ತಾರೆ. ಈ ಬೇಸಿಗೆ ರಜೆಯಲ್ಲಿ ಅಂಥ ನಾಟಕವಿದ್ದರೆ ತಾತನ ಜೊತೆ ಹೋಗಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರವೇ ಜಾಗ ಹಿಡಿಯಿರಿ. ಶಾಲು ಮರೆಯಬೇಡಿ, ಎರಡು ಗಂಟೆಯ ಮೇಲೆ ಚಳಿ ಇರುತ್ತದೆ.