ಕೂದಲೆಳೆಯ ಚಿನ್ನ

ಗಿಣಿಗೇರಾ ನಿಲ್ದಾಣದಲ್ಲಿ ಅದಿರಿನ ಗಾಡಿಯನ್ನು ನೋಡಿದವರು ಬಲ್ಲರು: ಹಸಿರು ದೀಪ ಕಂಡೊಡನೆ ಅದು ಓಡದು, ಕೆಂಪು ಕಂಡೊಡನೆ ನಿಲ್ಲದು. ಮೊನ್ನೆ ಅಲ್ಲಿ ರೈಲಿಗಾಗಿ ಕಾಯುತ್ತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಬೆಂಗಳೂರಿನಲ್ಲಿ ಇಲೆಕ್ಟ್ರಾನಿಕ್ಸ್ ಇಂಜಿನಿಯರ್; ಮುಖ ಬಾಡಿತ್ತು.

“ಮೂರು ತಿಂಗಳ ದುಡಿಮಿ ಮಣ್ಣುಪಾಲಾತ್ರೀ ಸರ್. ಚಿಪ್ಪಿನ ತಪ್ಪಲ್ಲ, ನಾ ಆರಿಸಿದ ಪ್ಯಾಕೇಜಿನ ತಪ್ಪು” ಎಂದ.

ಕನ್ನಡ ಕಲಿಸುವ ನನಗೆ ಚಿಪ್ಪೆಂದರೆ ತೆಂಗಿನದೇ. ವಿನೋದವೆಂದರೆ, ಇಲ್ಲಿ ಚಿಪ್ಪೆನ್ನುವುದು ಒಳಗಿನ ತಿರುಳಿಗೆ! ನಮಗೆ ಕಾಣುವ, ಕಾಲುಗಳುಳ್ಳ ಕರಿಯ ಬಿಲ್ಲೆ ಬರಿಯ ಕವಚ. ಅದರೊಳಗೆ ಉಗುರಿಗಿಂತ ಕಿರಿದಾದ ಸಿಲಿಕಾನ್ ಚೂರು. ಅಲ್ಲಿಂದ ಒಂದೊಂದು ಕಾಲಿಗೂ ಒಂದೊಂದು ತಂತಿ. ಅನೇಕ ವೇಳೆ ಅದು ಚಿನ್ನದ್ದು, ದಪ್ಪ ಸುಮಾರು 25 ಮೈಕ್ರಾನ್, ಎಂದರೆ ತಲೆಗೂದಲಿಗಿಂತಲೂ ತೆಳುವು. ಹಟ್ಟಿಯ ಗಣಿಗೆ ನೆರೆಯವರಾದ ನಾವೂ ಇಷ್ಟು ನವುರಾದ ಚಿನ್ನವನ್ನು ಕಂಡಿಲ್ಲ.

ಈ ಎಳೆಗೂ ಅದಿರಿನ ಗಾಡಿಯ ಸ್ವಭಾವವುಂಟು. ವಿದ್ಯುತ್ಪ್ರವಾಹ ಥಟ್ಟನೆ ಏರುವುದನ್ನೂ ಇಳಿಯುವುದನ್ನೂ ಅದು ತಡೆಯುತ್ತದೆ. ಇದಕ್ಕೆ ಪ್ರೇರಕತ್ವವೆಂದು ಹೆಸರು. ತಂತಿಯ ಒಂದು ಮಿಲಿಮೀಟರಿಗೆ ಸುಮಾರು ಒಂದು ನ್ಯಾನೊಹೆನ್ರಿ. ಕವಚದ ಕಾಲು ಉದ್ದವಾದಷ್ಟೂ ಇನ್ನಷ್ಟು. ಒಟ್ಟು ಹತ್ತು ನ್ಯಾನೊಹೆನ್ರಿಯ ದಾರಿಯಲ್ಲಿ, ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಷ್ಟು ಕಾಲದಲ್ಲಿ, 50 ಮಿಲಿಆಂಪೇರ್ ಬದಲಾದರೆ ಅರ್ಧ ವೋಲ್ಟ್ ಅಲ್ಲಿಯೇ ಏಳುತ್ತದೆ. ಅನೇಕ ಕಾಲುಗಳು ಒಟ್ಟಿಗೆ ಮಿಡಿದರಂತೂ ಸೊನ್ನೆಯು ಒಂದೆಂದು ಭ್ರಮೆ ಹುಟ್ಟಿಸುತ್ತದೆ. 1962ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ಮಾಡತೊಡಗಿದಾಗ ಮೂರು ಕಾಲುಗಳಿಂದ ಕೆಲಸ ಸಾಗುತ್ತಿತ್ತು. ಈಗಿನವಕ್ಕೆ ನೂರಾರು ಕಾಲುಗಳಿರುವುದುಂಟು.

ನಮ್ಮ ಹುಡುಗ ಆರಿಸಿದ್ದು ಎರಡು ಸಾಲು ಕಾಲುಗಳ ಹಳೆಯ ಕವಚವನ್ನು. ಕೈಯಿಂದ ಬೆಸುಗೆ ಹಾಕಲು ಸುಲಭ, ಕೆಟ್ಟರೆ ಕಿತ್ತು ಬದಲಿಸಲೂ ಸುಲಭ. ಆದರೆ ವಿದ್ಯುತ್ ಒಳಬರುವ ಕಾಲು, ಹಿಂದಿರುಗುವ ಕಾಲು ಎರಡೂ ಎದುರುಬದುರು ಮೂಲೆಗಳಲ್ಲಿ, ಎಂದರೆ ತಿರುಳಿಗೆ ಅತಿ ದೂರದಲ್ಲಿ!

“ಈಗೇನು ಮಾಡುವೆ?” ಎಂದೆ.

ಕಾಲಿಲ್ಲದ, ಚಪ್ಪಟೆಯಾದ ಪುಟ್ಟ ಕವಚವಂತೆ. ಅದರಲ್ಲಿ ತಂತಿ ಮೊಟಕು. ತಿರುಳಿನಡಿಯ ಲೋಹದ ಹಾಸಿಗೇ ಹಲವು ಎಳೆಗಳನ್ನು ನೇರವಾಗಿ ಇಳಿಸಬಹುದು. ಒಂದರ ಬದಲು ಎರಡು ಎಳೆ ಹಾಕಿದರೆ ತಡೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹೋಗುವ ತಂತಿಯ ಮಗ್ಗುಲಲ್ಲೇ ಬರುವ ತಂತಿಯಿದ್ದರೆ ಮತ್ತೂ ಲೇಸು. ತಂತಿಯನ್ನೇ ಬಿಟ್ಟು ತಿರುಳನ್ನು ಬೋರಲು ಹಾಕಿ ಬೆಸುಗೆಯ ಹನಿಗಳ ಮೇಲೆ ಕೂರಿಸುವುದೂ ಉಂಟು, ಐ.ಬಿ.ಎಂ. ಸಂಸ್ಥೆ 1960ರ ದಶಕದಲ್ಲಿಯೇ ಹೀಗೆ ಮಾಡಿತು. ಆದರೆ ಇವುಗಳ ಬೆಸುಗೆ ಅಡಿಯಲ್ಲಿ ಅಡಗಿರುವುದರಿಂದ ತಪ್ಪು ಕಣ್ಣಿಗೆ ಬೀಳದು, ದುರಸ್ತಿಯೂ ಕಷ್ಟ. ನಿಧಾನದ ಕೆಲಸಕ್ಕೆ ಹಳೆಯ ಕವಚವೇ ಸಾಕು. ವೇಗ ಬೇಕಾದವನು ಮಾತ್ರ ಈ ತೊಡಕಿಗೆ ಒಪ್ಪಬೇಕು.

“ತಿರುಳು ಎಷ್ಟು ಚುರುಕಿದ್ರೇನ್ರೀ, ಹೊರಗ ಬರೋ ದಾರಿ ಉದ್ದಾದ್ರ ಮಾತು ತೊದಲತೈತಿ” ಎಂದ ಶಿಷ್ಯ.

ಒಂದು ಗಂಟೆಯ ನನ್ನ ಪಾಠಗಳನ್ನು ಸಹಿಸಿದವನು ಅವನು. ಆ ಮಾತು ಚಿಪ್ಪಿಗೋ ನನಗೋ ಎಂದು ಕೇಳುವಷ್ಟರಲ್ಲಿ ರೈಲು ಬಂದಿತು.