ಒಂದೇ ಹಿಮದಡಿ ಹತ್ತು ಮಂದಿ, ನೆನಪಿಗೇಕೆ ಗಡಿ?

ಹನುಮಂತಪ್ಪ ಕೊಪ್ಪದ ಯಾರು ಎಂದು ಆದೋನಿ, ಆಲೂರು ಕಡೆಯ ಕನ್ನಡದ ಮನೆಗಳಲ್ಲಿ ಕೇಳಿದರೆ ಉತ್ತರಕ್ಕೆ ಕಾಯಬೇಕಾಗಿಲ್ಲ. 'ಅವನೇ ಅಲ್ರೀ, ಧಾರವಾಡದ ಕಡೆಯವ, ಆರು ದಿನ ಹಿಮದಾಗ ಹೂತಿದ್ರೂ ಉಸಿರು ಹಿಡಿದಿದ್ನಲ್ಲ' ಎಂದು ಹಿರಿಯರು ಹೇಳುತ್ತಾರೆ. ಅದೇ ಮನೆಯಲ್ಲಿ ಮುಷ್ತಾಕ್ ಅಹ್ಮದ್ ಯಾರು ಎಂದು ಕೇಳಿ ನೋಡಿ. ಬಹಳ ಮಂದಿ ಸುಮ್ಮನಾಗುತ್ತಾರೆ.

ಮುಷ್ತಾಕ್ ನಮ್ಮ ಕರ್ನೂಲು ಜಿಲ್ಲೆಯ ಹುಡುಗ. ಬಂಡಿ ಆತ್ಮಕೂರು ಮಂಡಲದ ಪಾರ್ನಪಲ್ಲಿಯವನು. ಆ ಸೀಮೆ 2022ರ ಏಪ್ರಿಲ್‌ನಿಂದ ಹೊಸ ನಂದ್ಯಾಲ ಜಿಲ್ಲೆಗೆ ಸೇರಿದೆ, ಆದರೆ ಅವನು ಸಾಯುವಾಗ ವಿಳಾಸದಲ್ಲಿದ್ದದ್ದು ಕರ್ನೂಲು ಜಿಲ್ಲೆಯೇ. ಹನುಮಂತಪ್ಪ ಮತ್ತು ಮುಷ್ತಾಕ್ ಒಂದೇ ಬೆಟಾಲಿಯನ್ನಿನವರು. ಒಂದೇ ಠಾಣೆಯಲ್ಲಿದ್ದವರು. ಒಂದೇ ಬೆಳಗಿನ ಜಾವ ಒಂದೇ ಹಿಮದಡಿ ಸಿಕ್ಕವರು. ಒಬ್ಬನ ಹೆಸರು ಗಡಿ ದಾಟಿ ನಮ್ಮ ಮನೆಗೆ ಬಂತು. ಇನ್ನೊಬ್ಬನ ಹೆಸರು ನಮ್ಮ ಜಿಲ್ಲೆಯೊಳಗೇ ಇದ್ದರೂ ನಮ್ಮನ್ನು ಮುಟ್ಟಲಿಲ್ಲ. ಇದು ಹೇಗಾಯಿತು ಎಂದು ಗಡಿನಾಡಿನವರಾದ ನಾವೇ ಕೇಳಿಕೊಳ್ಳಬೇಕು.

ಅಂದು ನಡೆದದ್ದು

2016ರ ಫೆಬ್ರುವರಿ 3, ಬುಧವಾರ. ಸಿಯಾಚಿನ್ ಹಿಮನದಿಯಲ್ಲಿ ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆ. ಅಲ್ಲಿ ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿಯ ತುಕಡಿ ಕಾವಲಿಗಿತ್ತು. ಬೆಳಗಿನ ಹೊತ್ತು ಭಾರಿ ಹಿಮದ ಗೋಡೆಯೊಂದು ಕುಸಿದು ಠಾಣೆಯ ಮೇಲೆ ಬಿತ್ತು. ಡೇರೆ, ಸಾಮಾನು, ಜನ ಎಲ್ಲ ಒಟ್ಟಿಗೇ ಅಡಿಗೆ ಹೋದರು.

ಹಿಮ ಅಂದರೆ ನಮ್ಮ ಕಡೆಯವರಿಗೆ ಹತ್ತಿಯಂತೆ ಮೆತ್ತಗಿರುತ್ತದೆ ಎಂಬ ಕಲ್ಪನೆ. ಅಲ್ಲಿ ಕುಸಿದದ್ದು ಬಂಡೆಯಷ್ಟು ಗಟ್ಟಿಯಾದ ನೀರ್ಗಲ್ಲು. ಬಂಡೆ ಕೊರೆಯುವ ಯಂತ್ರ, ವಿದ್ಯುತ್ ಗರಗಸ, ನೆಲದಾಳ ನೋಡುವ ರಾಡಾರ್ ಹಿಡಿದು 150ಕ್ಕೂ ಹೆಚ್ಚು ಯೋಧರು ಹಗಲೂ ರಾತ್ರಿ ಅಗೆದರು. ಡಾಟ್, ಮಿಶಾ ಎಂಬ ಎರಡು ನಾಯಿಗಳು ವಾಸನೆ ಹಿಡಿದು ಜಾಗ ತೋರಿಸಿದವು. ಆ ಎತ್ತರದಲ್ಲಿ ಹತ್ತು ಹೆಜ್ಜೆ ನಡೆದರೆ ಏದುಸಿರು ಬರುತ್ತದೆ. ಅಂಥಲ್ಲಿ ಗುದ್ದಲಿ ಎತ್ತುವುದೆಂದರೆ ಸುಮ್ಮನೆ ಮಾತಲ್ಲ.

ಯಾರೂ ಬದುಕಿರಲಾರರು ಎಂದು ದೇಶವೇ ಕೈಚೆಲ್ಲಿ ಕೂತಿತ್ತು. ಆರನೆಯ ದಿನ, ಫೆಬ್ರುವರಿ 8ರ ರಾತ್ರಿ, ಸುಮಾರು 25 ಅಡಿ ಆಳದಲ್ಲಿ ಲಾನ್ಸ್ ನಾಯಕ್ ಹನುಮಂತಪ್ಪ ಜೀವಂತ ಸಿಕ್ಕರು. ಮರುದಿನ ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಆ ಎರಡು ದಿನ ಯಾವ ಟಿ.ವಿ. ಹಾಕಿದರೂ ಅದೇ ಸುದ್ದಿ. ಗುಡಿಯಲ್ಲಿ ಪೂಜೆ, ದರ್ಗಾದಲ್ಲಿ ದುವಾ. ಪ್ರಜ್ಞೆ ಮರಳಲಿಲ್ಲ. ಫೆಬ್ರುವರಿ 11ರಂದು ಬೆಳಿಗ್ಗೆ 11.45ಕ್ಕೆ ಅವರು ಕೊನೆಯುಸಿರೆಳೆದರು. ಉಳಿದ ಒಂಬತ್ತು ಮಂದಿ ಆ ಹೊತ್ತಿಗೆ ಶವವಾಗಿ ಸಿಕ್ಕಿದ್ದರು. ಹವಾಮಾನ ಕೈಕೊಟ್ಟಿದ್ದರಿಂದ ಅವರ ದೇಹಗಳು ಕೆಳಗಿಳಿಯುವುದೇ ದಿನಗಟ್ಟಲೆ ತಡವಾಯಿತು.

ಹತ್ತು ಹೆಸರು

ಈ ಹತ್ತು ಹೆಸರುಗಳನ್ನು ಒಟ್ಟಿಗೆ ಓದಿದವರು ಕಡಿಮೆ. ಅದಕ್ಕೇ ಇಲ್ಲಿ ಕೊಡುತ್ತಿದ್ದೇವೆ. ದಯವಿಟ್ಟು ಅವಸರ ಮಾಡದೆ ಓದಿ.

ಸುಬೇದಾರ್ ಟಿ.ಟಿ. ನಾಗೇಶ, ಹಾಸನದ ತೇಜೂರು. ಹವಾಲ್ದಾರ್ ಎಂ. ಏಳುಮಲೈ, ತಮಿಳುನಾಡಿನ ವೆಲ್ಲೂರು ಜಿಲ್ಲೆ. ಲಾನ್ಸ್ ಹವಾಲ್ದಾರ್ ಎಸ್. ಕುಮಾರ್, ತೇನಿ ಜಿಲ್ಲೆ. ಲಾನ್ಸ್ ನಾಯಕ್ ಬಿ. ಸುಧೀಶ್, ಕೇರಳದ ಕೊಲ್ಲಂ ಜಿಲ್ಲೆ. ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರು. ಸಿಪಾಯಿ ಪಿ.ಎನ್. ಮಹೇಶ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ. ಸಿಪಾಯಿ ಜಿ. ಗಣೇಶನ್, ಮದುರೈ ಜಿಲ್ಲೆ. ಸಿಪಾಯಿ ಎನ್. ರಾಮಮೂರ್ತಿ, ಕೃಷ್ಣಗಿರಿ ಜಿಲ್ಲೆ. ಸಿಪಾಯಿ ಎಸ್. ಮುಷ್ತಾಕ್ ಅಹ್ಮದ್, ಕರ್ನೂಲು ಜಿಲ್ಲೆಯ ಪಾರ್ನಪಲ್ಲಿ. ಶುಶ್ರೂಷಾ ಸಹಾಯಕ ಎಸ್.ವಿ. ಸೂರ್ಯವಂಶಿ, ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಸ್ಕರವಾಡಿ.

ತಮಿಳುನಾಡಿನ ನಾಲ್ವರು, ಕರ್ನಾಟಕದ ಮೂವರು, ಕೇರಳ, ಆಂಧ್ರ, ಮಹಾರಾಷ್ಟ್ರದಿಂದ ಒಬ್ಬೊಬ್ಬರು. ಕೊನೆಯ ಹೆಸರಿನವರು ಗಾಯಾಳುಗಳ ಆರೈಕೆಗೆಂದು ತುಕಡಿಯ ಜತೆ ಹೋದವರು. ಸೋನಂ ಠಾಣೆಯಲ್ಲಿ ಇವರೆಲ್ಲ ಒಂದೇ ಒಲೆಯ ಬಿಸಿ ಕಾಯಿಸಿಕೊಂಡರು, ಒಂದೇ ಡಬ್ಬಿಯ ಊಟ ಹಂಚಿಕೊಂಡರು. ಸತ್ತ ಮೇಲೆ ಹತ್ತು ಪೆಟ್ಟಿಗೆಗಳು ಹತ್ತು ದಾರಿ ಹಿಡಿದವು. ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಹನುಮಂತಪ್ಪನವರಿಗೆ ಅಂತಿಮ ನಮನ ಸಲ್ಲಿಸಿದರು. ಬೆಟದೂರಿನಲ್ಲಿ ಸರ್ಕಾರಿ ಗೌರವದಿಂದ ಮಣ್ಣು ಮಾಡಿದರು. 2017ರ ಸೇನಾ ದಿನದಂದು ಮರಣೋತ್ತರ ಸೇನಾ ಪದಕವೂ ಬಂತು. ಅದೆಲ್ಲ ಆಗಬೇಕಾದದ್ದೇ. ಅವರ ಪಾಲಿನ ಗೌರವದಲ್ಲಿ ಒಂದು ಗುಲಗಂಜಿ ತೂಕವೂ ಕಡಿಮೆಯಾಗುವುದು ಬೇಡ.

ನಮ್ಮ ಮಾತು ಇಷ್ಟೇ. ಕನ್ನಡ ಪತ್ರಿಕೆ 'ನಮ್ಮ ಮೂವರು' ಎಂದು ಬರೆಯಿತು, ತೆಲುಗು ಪತ್ರಿಕೆ 'ನಮ್ಮೊಬ್ಬ' ಎಂದಿತು, ತಮಿಳಿನವರು ತಮ್ಮ ನಾಲ್ವರ ಲೆಕ್ಕ ಹಿಡಿದರು. ಗಡಿ ಪುಟ ನಡೆಸುವ ನಮ್ಮಂಥವರೂ ಈ ಚಾಳಿಗೆ ಹೊರತಲ್ಲ. ಹೀಗೆ ಹಂಚಿಕೊಳ್ಳುವಾಗ ಒಡೆದುಹೋದದ್ದು ಯಾವುದು? ಆ ತುಕಡಿಯೇ.

ಮದ್ರಾಸು ನಮಗೆ ಪರವೂರೇ?

'ಮದ್ರಾಸ್ ರೆಜಿಮೆಂಟು ಅಂದ್ರೆ ತಮಿಳರದ್ದಲ್ವ?' ಎಂದು ಕೇಳುವ ಹುಡುಗರು ನಮ್ಮಲ್ಲಿದ್ದಾರೆ. ಅವರಿಗೆ ಸ್ವಲ್ಪ ಹಳೆಯ ಲೆಕ್ಕ ಹೇಳಬೇಕು. 1758ರಷ್ಟು ಹಳೆಯ ಬೇರಿನ ಈ ರೆಜಿಮೆಂಟಿಗೆ ದಕ್ಷಿಣದ ಎಲ್ಲ ಭಾಷೆಯ ಹುಡುಗರೂ ಸೇರುತ್ತಾರೆ. ತರಬೇತಿ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ. ಅವರ ರಣಘೋಷ 'ವೀರ ಮದ್ರಾಸಿ, ಅಡಿ ಕೊಲ್ಲು'. ಆ 'ಕೊಲ್ಲು' ತಿಳಿಯಲು ಕನ್ನಡಿಗನಿಗೆ ನಿಘಂಟು ಬೇಕಾಗುವುದಿಲ್ಲ.

ಇನ್ನು ಆದೋನಿ. 1800ರಲ್ಲಿ ನಿಜಾಮರು ಬಿಟ್ಟುಕೊಟ್ಟ ದತ್ತ ಮಂಡಲದ ಭಾಗವಾಗಿ ಕಂಪನಿಯ ಕೈಗೆ ಹೋದ ಸೀಮೆ ಇದು. ಅಲ್ಲಿಂದ ಮದ್ರಾಸು ಪ್ರಾಂತ್ಯದಲ್ಲಿ, ಬಳ್ಳಾರಿ ಜಿಲ್ಲೆಯ ತಾಲೂಕಾಗಿ ಬಾಳಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ, ಬಳ್ಳಾರಿ, ಸಿರುಗುಪ್ಪ ಮೊದಲಾದವು ಮೈಸೂರಿನ ಕಡೆಗೆ ಹೋದವು. ಅಣ್ಣ ಒಂದು ರಾಜ್ಯ, ತಮ್ಮ ಇನ್ನೊಂದು ರಾಜ್ಯವಾದ ಮನೆಗಳು ಎಷ್ಟೋ. ಹೆಣ್ಣು ಕೊಟ್ಟದ್ದು ಸಿರುಗುಪ್ಪಕ್ಕೆ, ಹೊಲ ಇರುವುದು ಹೊಳಗುಂದದಲ್ಲಿ. ನಕ್ಷೆಯ ಮೇಲೆ ಗೆರೆ ಎಳೆದರೆ ಬಂಧುತ್ವ ತುಂಡಾಗುವುದಿಲ್ಲ ಎಂಬುದನ್ನು ನಮಗೆ ಬೇರೆಯವರು ಕಲಿಸಬೇಕಾಗಿಲ್ಲ. ಅಂಥ ನಾವೇ ಯೋಧರ ನೆನಪಿಗೆ ಗೆರೆ ಎಳೆದರೆ ಹೇಗೆ?

ಗುಂಡು ತಗಲಿ ಸತ್ತರೆ ಮಾತ್ರವೇ?

'ಅವರು ಯುದ್ಧದಾಗ ಸತ್ತವರಲ್ಲ, ಹಿಮ ಬಿದ್ದು ಸತ್ತವರು' ಎನ್ನುವ ಮಾತೂ ಕೇಳಿಬರುತ್ತದೆ. 1984ರ ಏಪ್ರಿಲ್ 13ರಂದು ನಮ್ಮ ಸೇನೆ ಸಿಯಾಚಿನ್ ಏರಿದ್ದು ಮೇಘದೂತ್ ಎಂಬ ಕಾರ್ಯಾಚರಣೆಯಲ್ಲಿ. 2003ರ ನವೆಂಬರಿನಲ್ಲಿ ಅಲ್ಲಿ ಕದನವಿರಾಮ ಬಂತು, ಗುಂಡಿನ ಸದ್ದು ನಿಂತಿತು. ಕಾವಲು ನಿಲ್ಲಲಿಲ್ಲ. ಚಳಿ, ಹಿಮಪಾತ, ಪ್ರಾಣವಾಯುವಿನ ಕೊರತೆ, ಇವಕ್ಕೆ ಕದನವಿರಾಮ ಗೊತ್ತಿಲ್ಲ. ಅಲ್ಲಿ ಪ್ರಾಣ ಬಿಟ್ಟ 800ಕ್ಕೂ ಹೆಚ್ಚು ಭಾರತೀಯ ಯೋಧರಲ್ಲಿ ಗುಂಡಿಗಿಂತ ಹವಾಮಾನಕ್ಕೆ ಬಲಿಯಾದವರೇ ಜಾಸ್ತಿ. ಜಾಗ ಬಿಟ್ಟು ಬಂದಿದ್ದರೆ ಬದುಕುತ್ತಿದ್ದರು. ಬಿಡಬಾರದು ಎಂಬ ಆಜ್ಞೆ ಇತ್ತು, ಬಿಡಲಿಲ್ಲ. ಇದು ಯುದ್ಧದ ಸಾವಲ್ಲದೆ ಮತ್ತೇನು?

ಹನುಮಂತಪ್ಪನವರು 2002ರ ಅಕ್ಟೋಬರಿನಲ್ಲಿ ಸೇನೆ ಸೇರಿದವರು. ಹದಿಮೂರು ವರ್ಷದ ಸೇವೆಯಲ್ಲಿ ಹತ್ತು ವರ್ಷ ಕಾಶ್ಮೀರ, ಈಶಾನ್ಯದಂಥ ಕಠಿಣ ಜಾಗಗಳಲ್ಲೇ ಕಳೆದರು. ಬಡ ರೈತನ ಮಗ. ನಮ್ಮ ಸೀಮೆಯ ಹುಡುಗರೂ ಹಾಗೇ ಹೋಗುವವರು. ಮಳೆ ನಂಬಿದ ಹೊಲ, ಫೆಬ್ರುವರಿ ಬಂತೆಂದರೆ ಕೋಸಿಗಿ, ಕೌತಾಳದ ಕಡೆಯಿಂದ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಗುಳೆ. ಮನೆಯಲ್ಲಿ ಒಬ್ಬನಿಗಾದರೂ ತಿಂಗಳ ಸಂಬಳ ಇರಲಿ ಎಂದು ಮಿಲ್ಟ್ರಿಗೆ ಕಳಿಸುತ್ತಾರೆ. ಗುಂತಕಲ್ ಜಂಕ್ಷನ್‌ನಲ್ಲಿ ಕಬ್ಬಿಣದ ಟ್ರಂಕು ಹೊತ್ತು ರೈಲು ಬದಲಿಸುವ ಹುಡುಗನನ್ನು ಕಂಡಾಗ ಅವನು ಯಾವ ರಾಜ್ಯದವನೆಂದು ಯಾರೂ ಕೇಳುವುದಿಲ್ಲ. ಅವನ ಪೆಟ್ಟಿಗೆ ವಾಪಸು ಬಂದಾಗ ಮಾತ್ರ ಯಾಕೆ ಕೇಳಬೇಕು?

ಉಳಿದವರ ಪಾಡು

ನೆನಪು ಅಂದರೆ ಹಾರ ಹಾಕುವುದು ಮಾತ್ರ ಅಲ್ಲ. ಕೇಂದ್ರದ ಪಿಂಚಣಿ ನಿಯಮ ಎಲ್ಲರಿಗೂ ಒಂದೇ ಇದ್ದರೂ ರಾಜ್ಯ ಸರ್ಕಾರಗಳು ಕೊಡುವ ಪರಿಹಾರ, ನಿವೇಶನ, ನೌಕರಿ ರಾಜ್ಯಕ್ಕೊಂದು ತೆರನಾಗಿರುತ್ತವೆ. ಒಂದೇ ಡೇರೆಯಲ್ಲಿ ಸತ್ತವರ ಮನೆಗಳಿಗೆ ವಿಳಾಸ ನೋಡಿ ಬೇರೆ ಬೇರೆ ಅಳತೆ. ಒಂದೇ ಘಟನೆಯಲ್ಲಿ ಮಡಿದವರಿಗೆ ದಕ್ಷಿಣದ ರಾಜ್ಯಗಳಾದರೂ ಕೂತು ಮಾತಾಡಿ ಒಂದು ಸಮಾನ ಅಳತೆ ತರಬೇಕು. ಇದು ದೊಡ್ಡ ಬೇಡಿಕೆಯೇನಲ್ಲ.

ಗಡಿನಾಡಿನ ಮನೆಗಳಿಗೆ ಇನ್ನೊಂದು ತೊಡಕಿದೆ. ಹುಡುಗನ ಶಾಲೆಯ ಟಿ.ಸಿ. ಕನ್ನಡದಲ್ಲಿ, ಪಡಿತರ ಚೀಟಿ ತೆಲುಗಿನಲ್ಲಿ, ಸೇನೆಯ ದಾಖಲೆ ಇಂಗ್ಲಿಷಿನಲ್ಲಿ. ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಪಿಂಚಣಿ ಕಾಗದ ಅಲ್ಲೇ ನಿಲ್ಲಬಹುದು. ಮಗ ಸೇನೆಯಲ್ಲಿರುವ ಮನೆಯವರಿಗೆ ನಮ್ಮ ವಿನಂತಿ: ರಜೆಗೆ ಬಂದಾಗ ಅವನನ್ನು ಕೂರಿಸಿಕೊಂಡು ಎಲ್ಲ ಕಾಗದದಲ್ಲೂ ಹೆಸರು, ಹುಟ್ಟಿದ ತಾರೀಖು ಒಂದೇ ಇದೆಯೇ ನೋಡಿ. ಮದುವೆಯಾದರೆ ಹೆಂಡತಿಯ ಹೆಸರು, ಮಗು ಹುಟ್ಟಿದರೆ ಮಗುವಿನ ಹೆಸರು ಅವನ ಸೇವಾ ದಾಖಲೆಯಲ್ಲಿ ಸೇರಿದೆಯೇ ಕೇಳಿ. ವ್ಯತ್ಯಾಸವಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಇದು ಅಪಶಕುನದ ಮಾತಲ್ಲ, ಮನೆ ಕಾಯುವ ಮಾತು.

ನಾವೇನು ಮಾಡಬಹುದು?

ದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ರಾಷ್ಟ್ರೀಯ ಸಮರ ಸ್ಮಾರಕ ಉದ್ಘಾಟನೆಯಾಯಿತು. ಅದರ ತ್ಯಾಗ ಚಕ್ರದ ಗೋಡೆಗಳಲ್ಲಿ ಸ್ವಾತಂತ್ರ್ಯಾನಂತರ ಮಡಿದ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳಿವೆ. ಆ ಗೋಡೆಗಳನ್ನು ರಾಜ್ಯವಾರು ಹಂಚಿಲ್ಲ. ಅಷ್ಟು ದೂರ ಹೋಗಿ ನೋಡುವುದು ನಮ್ಮಲ್ಲಿ ಎಲ್ಲರಿಂದಲೂ ಆಗದು. ಆದರೆ ಆ ಕ್ರಮವನ್ನು ಇಲ್ಲಿಗೆ ತರಬಹುದು.

2026ರ ಫೆಬ್ರುವರಿ 3ಕ್ಕೆ ಆ ಘಟನೆಗೆ ಲೆಕ್ಕ ಹತ್ತು ವರ್ಷ. ಪ್ರತಿವರ್ಷ ಆ ತಾರೀಖು ನಮ್ಮ ಶಾಲೆಗಳಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹತ್ತೂ ಹೆಸರನ್ನು ಊರಿನ ಸಮೇತ ಒಬ್ಬ ವಿದ್ಯಾರ್ಥಿ ಓದಲಿ. ಎರಡು ನಿಮಿಷದ ಕೆಲಸ. ಖರ್ಚಿಲ್ಲ, ಅನುಮತಿಗಾಗಿ ಅಲೆದಾಟ ಇಲ್ಲ. ಆದೋನಿ ಸುತ್ತಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಮುಷ್ತಾಕ್ ಹೆಸರು ಕೇಳಲಿ, ಪಕ್ಕದ ತೆಲುಗು ಶಾಲೆಯಲ್ಲಿ ಹನುಮಂತಪ್ಪನ ಹೆಸರು ಕೇಳಲಿ, ಸಿರುಗುಪ್ಪದಲ್ಲಿ, ಬಳ್ಳಾರಿಯಲ್ಲಿ ಏಳುಮಲೈ, ಸುಧೀಶ್ ಹೆಸರುಗಳು ಕೇಳಲಿ. ಊರಿನಲ್ಲಿ ನಿವೃತ್ತ ಸೈನಿಕರಿದ್ದರೆ ಅವರನ್ನು ಕರೆದು ಮಕ್ಕಳ ಮುಂದೆ ಕೂರಿಸಿ, ಎರಡು ಮಾತು ಆಡಿಸಿ. ಭಾಷಣ ಬೇಡ, ಅವರು ಕಂಡದ್ದು ಹೇಳಿದರೆ ಸಾಕು.

ನಾವು ಎರಡೂ ಭಾಷೆಯ ಪತ್ರಿಕೆ ಓದುವವರು. ಎರಡೂ ಕಡೆಯ ಸುದ್ದಿ ನಮ್ಮ ಕಟ್ಟೆಗೆ ಬರುತ್ತದೆ. 'ನಮ್ಮನ್ನು ಆ ಕಡೆಯವರೂ ಲೆಕ್ಕಕ್ಕೆ ಇಡಲ್ಲ, ಈ ಕಡೆಯವರೂ ಇಡಲ್ಲ' ಎಂದು ನಾವು ಎಷ್ಟೋ ಸಲ ಕೊರಗಿದ್ದೇವೆ. ಲೆಕ್ಕದಿಂದ ಬಿಟ್ಟುಹೋಗುವುದರ ನೋವು ನಮಗೆ ಗೊತ್ತು. ಹಾಗಿದ್ದ ಮೇಲೆ ಹತ್ತು ಮಂದಿಯ ಲೆಕ್ಕವನ್ನು ಪೂರ್ತಿಯಾಗಿ ಇಡುವ ಕೆಲಸ ಮೊದಲು ನಮ್ಮಿಂದಲೇ ಶುರುವಾಗಲಿ.

ಮುಂದಿನ ಸಲ ಯಾರಾದರೂ ಹನುಮಂತಪ್ಪನ ಸುದ್ದಿ ತೆಗೆದರೆ, 'ಅವನ ಜತೆ ನಮ್ಮ ಪಾರ್ನಪಲ್ಲಿ ಮುಷ್ತಾಕನೂ ಇದ್ದ, ಇನ್ನೂ ಎಂಟು ಮಂದಿ ಇದ್ರು' ಎಂದು ಒಂದು ಮಾತು ಸೇರಿಸಿ. ಅಷ್ಟಾದರೂ ನಮ್ಮಿಂದ ಆಗಲಿ.