ಕೊಳೆ ನೀರು ನಮಗೆ, ಜಲಜನಕ ಯಾರಿಗೆ?

ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಹಸಿರು ಜಲಜನಕದ ಯೋಜನೆಗೆ 19,744 ಕೋಟಿ ರೂಪಾಯಿ ಮಂಜೂರು ಮಾಡಿತು. ಇದರಲ್ಲಿ 17,490 ಕೋಟಿ ಯಂತ್ರ ತಯಾರಿಸುವವರಿಗೂ ಜಲಜನಕ ಉತ್ಪಾದಿಸುವವರಿಗೂ ಪ್ರೋತ್ಸಾಹಧನ. ಸಂಶೋಧನೆಗೆ 400 ಕೋಟಿ. ನೂರು ರೂಪಾಯಿಯಲ್ಲಿ ಎರಡೇ ರೂಪಾಯಿ! ಈ ಲೆಕ್ಕ ಯಾರ ಪರವೆಂದು ಬಿಡಿಸಿ ಹೇಳಬೇಕೆ?

ನಾವು ವಿಜ್ಞಾನದ ವಿರೋಧಿಗಳಲ್ಲ. ವಿಜ್ಞಾನದ ಫಲ ಯಾರ ಮನೆ ಸೇರುತ್ತದೆ ಎಂಬುದೇ ನಮ್ಮ ಪ್ರಶ್ನೆ. ಶುದ್ಧ ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋ ಜಲಜನಕ ತೆಗೆಯಲು ಸುಮಾರು 50 ಯೂನಿಟ್ ವಿದ್ಯುತ್ತು, ಕನಿಷ್ಠ 9 ಲೀಟರ್ ನೀರು ಬೇಕು. ಇನ್ನೊಂದು ದಾರಿಯೂ ಉಂಟು. ಹಾಲು, ಸಕ್ಕರೆ, ಹಿಟ್ಟು ಬೆರೆತ ತೊಳೆನೀರಿನ ಕೊಳೆಯನ್ನು ಕೆಲವು ಸೂಕ್ಷ್ಮಜೀವಿಗಳು ತಿಂದು ಇಂಗಾಲದ ಫಲಕಕ್ಕೆ ವಿದ್ಯುತ್ಕಣಗಳನ್ನು ಬಿಟ್ಟುಕೊಡುತ್ತವೆ. ಹೊರಗಿನಿಂದ ಒಂದು ವೋಲ್ಟಿಗೂ ಕಡಿಮೆ ವಿದ್ಯುತ್ತು ಕೊಟ್ಟರೆ ಸಾಕು, ಎದುರು ಫಲಕದಲ್ಲಿ ಜಲಜನಕ ಏಳುತ್ತದೆ. ನೀರಿನ ಕೊಳೆಯೂ ಇಳಿಯುತ್ತದೆ.

ಇದು ಪವಾಡವೆಂದು ನಾವು ಹೇಳುವುದಿಲ್ಲ. ಕ್ಯಾಲಿಫೋರ್ನಿಯದ ದ್ರಾಕ್ಷಾಮದ್ಯದ ಕಾರ್ಖಾನೆಯೊಂದರಲ್ಲಿ 1000 ಲೀಟರಿನ ತೊಟ್ಟಿಯಿಟ್ಟು ನೋಡಿದಾಗ ಬಂದದ್ದು ಬಹುಪಾಲು ಮೀಥೇನ್ ಅನಿಲ ಎಂದು 2011ರ ವರದಿ ಹೇಳುತ್ತದೆ. ವಿದ್ಯೆ ಇನ್ನೂ ಮಾಗಬೇಕು. ಮಾಗದ ವಿದ್ಯೆಗೇ ಅಲ್ಲವೆ ಸಾರ್ವಜನಿಕ ಹಣ ಬೇಕಾದದ್ದು?

ಜಿನನಾಥಪುರದಂಥ ಹಳ್ಳಿಗಳಲ್ಲಿ ಕರೆದ ಹಾಲು ಹಾಸನದ ಸಹಕಾರಿ ಡೇರಿಗೆ ಹೋಗುತ್ತದೆ. ಡೇರಿಯೆಂದರೆ ಕ್ಯಾನು, ಕೊಳವೆ, ತೊಟ್ಟಿ ತೊಳೆದ ನೀರು ದಿನವೂ ಇದ್ದದ್ದೇ. ಅದನ್ನು ಶುದ್ಧಮಾಡುವ ಖರ್ಚು ಸಹಕಾರ ಸಂಘದ ಲೆಕ್ಕಕ್ಕೆ, ಅಂದರೆ ಹಾಲು ಹಾಕುವವನ ತಲೆಗೆ. ನಾಳೆ ಅದೇ ನೀರು ಇಂಧನದ ಮೂಲವಾದರೆ, ಗುತ್ತಿಗೆ ಕೊಡಿ ಎಂದು ಕಂಪನಿಗಳು ಬಾಗಿಲಿಗೆ ಬಾರದಿರುವುದಿಲ್ಲ. ಕೊಳೆ ಇರುವಷ್ಟು ದಿನ ಅದು ನಮ್ಮದು. ಕಾಸಾದ ದಿನ ಅವರದು!

ಬಡ ದೇಶಕ್ಕೆ ಸಣ್ಣ ಯಂತ್ರ ಬೇಕೆಂದು ಲೋಹಿಯಾ ವಾದಿಸಿದ್ದರು. ತೊಳೆನೀರು ಹುಟ್ಟುವಲ್ಲೇ ಇಡಬಹುದಾದ ಈ ತೊಟ್ಟಿ ಆ ಮಾತಿಗೆ ಒಪ್ಪುವಂಥದ್ದು.

ಆದ್ದರಿಂದ ನಮ್ಮ ಬೇಡಿಕೆಗಳು ಇವು: ಸರ್ಕಾರದ ಖರ್ಚಿನಲ್ಲಿ ಜಿಲ್ಲೆಯ ಸಹಕಾರಿ ಡೇರಿಯೊಂದರಲ್ಲಿ ಪ್ರಯೋಗ ನಡೆಯಲಿ. ಅದರ ಸಮಿತಿಯಲ್ಲಿ ಕಾರ್ಮಿಕರೂ ಹಾಲು ಉತ್ಪಾದಕರೂ ಕೂರಲಿ. ಜಲಜನಕ ಕಿಡಿ ತಗುಲಿದರೆ ಸಿಡಿಯುವ ಅನಿಲ. ಕೆಲಸಗಾರನಿಗೆ ತರಬೇತಿ, ರಕ್ಷಣೆ ಮೊದಲು. ಫಲಿತಾಂಶ, ಸೋಲಾದರೂ ಸರಿ, ಕನ್ನಡದಲ್ಲಿ ಪ್ರಕಟವಾಗಲಿ. ಪ್ರಯೋಗದ ನೆಪದಲ್ಲಿ ಯಾವ ಕಾರ್ಖಾನೆಯೂ ಇಂದಿನ ಶುದ್ಧೀಕರಣವನ್ನು ಮುಂದೂಡಬಾರದು. ಶ್ರವಣಬೆಳಗೊಳದ ಯಾತ್ರಿಕರನ್ನೇ ನಂಬಿ ಬದುಕುವ ಸಣ್ಣ ಹೋಟೆಲಿನವರ ಮೇಲೆ ಇದರ ಹೊರೆ ಬೀಳಬಾರದು.

ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ, ಕೊಳೆ ಹೊತ್ತವರಿಗೇ ಅದರ ಫಲವೂ ಸಲ್ಲಲಿ. ಈ ಮಾತನ್ನು ಗುತ್ತಿಗೆ ಪತ್ರಕ್ಕೆ ರುಜು ಬೀಳುವ ಮೊದಲೇ ಕೇಳೋಣ.